ಪವರ್ ಕಂಪನಿಯೊಳಗ ಬೆಳದು ಫಾರಿನ್‌ಗೆ ಹೋಗೂದು ಹೆಂಗ? ನಮ್ಮ ವಿಜಯಪುರ, ಬಾಗಲಕೋಟಿ, ಬೆಳಗಾವಿ ಕಡಿಯವರಿಗೆ ಹಂತ ಹಂತವಾಗಿ

ದೀಪಾವಳಿಗೆ ಊರಿಗೆ ಬಂದ್ರ ಸಾಕು, ಕಟ್ಟಿ ಮ್ಯಾಲ ಕುಂತಲ್ಲೆ ಯಾರರೆ ಒಬ್ಬರು ಬಂದು ಅದ ಪ್ರಶ್ನೆ ಕೇಳ್ತಾರ, "ಅಣ್ಣಾ, ನಾನೂ ಪ್ಲಾಂಟ್‌ನ್ಯಾಗ ಕೆಲಸಾ ಮಾಡ್ತೀನಿ, ನಿಮ್ಮಂಗ ಗಲ್ಫ್‌ಗೆ ಹೆಂಗ ಬರೂದು, ಯಾರಿಗೆ ಎಷ್ಟು ಕೊಡಬೇಕು?" ಈಗಂತೂ ವಾಟ್ಸಾಪ್‌ನ್ಯಾಗ ವಾರಕ್ಕ ನಾಕೈದು ಮಂದಿ. ಒಬ್ಬೊಬ್ಬರಿಗೆ ವಾಯ್ಸ್ ಮೆಸೇಜ್ ಹಾಕಿ ಹಾಕಿ ಸಾಕಾಗೈತಿ, ಅದಕ್ಕ ಒಮ್ಮೆ ಕುಂತು ಎಲ್ಲಾ ಬರದ ಬಿಡ್ತೀನಿ. ನಾನು ಎಲೆಕ್ಟ್ರಿಕಲ್, ಸಕ್ಕರಿ ಕಾರ್ಖಾನಿ ಕೋ-ಜನ್, ಅಂದ್ರ ಕಾರ್ಖಾನಿಯ ಕರೆಂಟ್ ಪ್ಲಾಂಟ್‌ನ್ಯಾಗ ಚಾಲೂ ಮಾಡಿ, ಆಮ್ಯಾಲ ಒಂದು ಪವರ್ ಕಂಪನಿ ಸೇರಿ, ಅಲ್ಲಿಂದ ಗಲ್ಫ್‌ಗೆ ಬಂದಾಂವ. ಅದಕ್ಕ ಈ ಲೇಖನದಾಗ ಗಲ್ಫ್ ಮಾತು ಜಾಸ್ತಿ, ಯುರೋಪ್ ಆಸ್ಟ್ರೇಲಿಯಾ ಮಾತು ಕಡಿಮಿ.

"ಯಾರಿಗೆ ಎಷ್ಟು ಕೊಡಬೇಕು" ಅನ್ನೂದು ಮೊದಲನೇ ಪ್ರಶ್ನೆ ಅಲ್ಲರಿ. ಈಗಿರೋ ಕಂಪನಿಯೊಳಗ ನೀವು ನಿಮ್ಮ ಕೈಯಿಂದ ಏನು ಮಾಡೀರಿ, ಅದಕ್ಕ ಕಾಗದದ ಮ್ಯಾಲ ಏನು ಸಾಕ್ಷಿ ಐತಿ, ಇದ ಮೊದಲನೇ ಪ್ರಶ್ನೆ. ಎರಡು ವರ್ಷದ ತಯಾರಿ ಅಂತ ಹಿಡಕೊಳ್ರಿ. "ಬರೂ ತಿಂಗಳ ಹೋಗ್ಬೇಕು" ಅಂತ ಅವಸರಾ ಮಾಡಿದವರ ರೊಕ್ಕಾನ ಭಾಳ ಮಂದಿ ತಿಂದಾರ.

1. ಯಾವ ಬಾಗಿಲದಿಂದ ಹೊಂಟೀರಿ ಅಂತ ಮೊದಲ ತಿಳ್ಕೊಳ್ರಿ

ಬಾಗಿಲಾ ಮೂರ ಅದಾವ. ಒಂದು, ಕಂಪನಿಯೊಳಗಿಂದನ ಟ್ರಾನ್ಸ್‌ಫರ್. ವೆಸ್ಟಾಸ್, ಸೀಮೆನ್ಸ್ ಎನರ್ಜಿ, ಹಿಟಾಚಿ ಎನರ್ಜಿ, ಜಿಇ ವೆರ್ನೋವಾ ಇಂಥಾ ಕಂಪನಿಗಳು ಇಲ್ಲೂ ಅದಾವ ಹೊರಗೂ ಅದಾವ, ಇಲ್ಲಿಯ ನೌಕರನ್ನ ಅಲ್ಲಿಯ ಆಫೀಸಿಗೆ ಕಳಸ್ತಾರ. ಎರಡು, ನಮ್ಮ ದೇಶದ್ದ ಇಪಿಸಿ ಕಂಪನಿ, ಅಂದ್ರ ಡಿಸೈನ್‌ನಿಂದ ಹಿಡದು ಕಟ್ಟಿ ಕೊಡೂತನಕ ಪೂರಾ ಗುತ್ತಿಗಿ ಹಿಡಿಯೋ ಕಂಪನಿ. ಎಲ್ ಅಂಡ್ ಟಿ, ಕೆಇಸಿ, ಕಲ್ಪತರು ಇವರೆಲ್ಲಾ ಗಲ್ಫ್‌ನ್ಯಾಗ ಆಫ್ರಿಕಾದಾಗ ಟ್ರಾನ್ಸ್‌ಮಿಷನ್ ಲೈನು, ಸಬ್‌ಸ್ಟೇಷನ್ ಕೆಲಸಾ ಹಿಡೀತಾರ, ಅವರ ಸೈಟಿಗೆ ಇಲ್ಲಿಂದನ ಮಂದಿ ಹೋಗ್ತಾರ. ಮೂರು, ಅಲ್ಲಿಯ ಕಂಪನಿ ನೇರವಾಗಿ ನಿಮ್ಮನ್ನ ತೊಗೊಳ್ಳೂದು.

ನಮ್ಮ ಕಡಿ ಎಲ್ಲಾರ ಕಣ್ಣು ಮೂರನೇದರ ಮ್ಯಾಲ, ಆದ್ರ ಮೊದಲಿನ ಎರಡರಾಗ ರಿಸ್ಕ್ ಕಡಿಮಿ, ಪಗಾರ ಸ್ವಲ್ಪ ಕಡಿಮಿ ಇದ್ರೂ ಕಂಪನಿ ಗೊತ್ತಿರ್ತೈತಿ, ವೀಸಾ ಟಿಕೆಟ್ ಅವರ ನೋಡ್ತಾರ. ಟ್ರಾನ್ಸ್‌ಫರ್ ಬಾಗಿಲಿಗೆ ಒಂದು ಕಾಯೂ ಅವಧಿ ಇರ್ತೈತಿ ನೋಡ್ರಿ: ಅಮೆರಿಕಾದ ಎಲ್-1 ವೀಸಾಕ್ಕ ಹಿಂದಿನ 3 ವರ್ಷದಾಗ ಕನಿಷ್ಠ 1 ವರ್ಷ ಬಿಡದ ಅದ ಕಂಪನಿ ಗುಂಪಿನ್ಯಾಗ ಕೆಲಸಾ ಮಾಡಿರಬೇಕು, ಜರ್ಮನಿಯ ಐಸಿಟಿ ಕಾರ್ಡಿಗೆ 6 ತಿಂಗಳು, ಬ್ರಿಟನ್ನಿನ ಕಂಪನಿ ವರ್ಗಾವಣೆ ವೀಸಾಕ್ಕ ಸಾಮಾನ್ಯವಾಗಿ 12 ತಿಂಗಳು. ಈ ಬ್ರಿಟನ್ ದಾರಿಯಿಂದ ಅಲ್ಲಿ ಕಾಯಂ ನೆಲಸೂ ಹಕ್ಕು ಬರೂದಿಲ್ಲ, ಇದನ್ನ ಕೇಳದ ಮನಿ ಮಾರಿ ಹೊಂಟವರೂ ಅದಾರ.

ಹೆಸ್ಕಾಂ, ಕೆಪಿಟಿಸಿಎಲ್, ಕೆಪಿಸಿಎಲ್, ಎನ್‌ಟಿಪಿಸಿ ಹಂಥ ಸರ್ಕಾರಿ ಕಂಪನಿಯವರಿಗೆ ಬ್ಯಾರೇನ ಲೆಕ್ಕ. ಪಾಸ್‌ಪೋರ್ಟ್ ತೊಗೊಳ್ಳಾಕ ಇಲಾಖೆಯ ಎನ್‌ಓಸಿ ಅಥವಾ ನೀವ ಇಲಾಖೆಗೆ ಮೊದಲ ಕೊಟ್ಟ ತಿಳುವಳಿಕಿ ಪತ್ರ ಬೇಕು, ಹೊರದೇಶಕ್ಕ ಹೋಗಾಕ ಪರವಾನಗಿ ಬೇಕು, ಅಲ್ಲಿ ನೌಕರಿ ಮಾಡೂದಂತೂ ಒಂದೋ ರಾಜೀನಾಮೆ ಇಲ್ಲಾ ಡೆಪ್ಯುಟೇಶನ್. ಕಾಯಂ ನೌಕರಿ ಬಿಡೂ ಮುಂದ ಮನ್ಯಾಗ ಕುಂತು ಹತ್ತ ಸಲ ಲೆಕ್ಕಾ ಹಾಕ್ರಿ. ನಾನಾದ್ರ ಬಿಡತಿರಲಿಲ್ಲ, ಅದು ನನ್ನ ಅಭಿಪ್ರಾಯ ಅಷ್ಟ.

2. ಈಗಿರೋ ಕಂಪನಿಯೊಳಗ ಬೆಳೀರಿ, ಬೆಳದದ್ದು ಬರದ ಇಡ್ರಿ

ಇದು ಎಲ್ಲಾಕ್ಕಿಂತ ದೊಡ್ಡ ಹಂತ, ಯಾರೂ ಲಕ್ಷ್ಯ ಕೊಡದ ಹಂತಾನೂ ಇದ.

ನಮ್ಮ ಭಾಗದಾಗ ಕರೆಂಟಿನ ಕೆಲಸಕ್ಕ ಬರಗಾಲ ಇಲ್ಲರಿ. ಗೋಕಾಕ ಫಾಲ್ಸ್‌ನ್ಯಾಗ ಭಾಳ ಹಿಂದನ ನೀರಿನಿಂದ ಕರೆಂಟ್ ತಗದಿದ್ರು. ಈಗ ಕೂಡಗಿಯೊಳಗ ಎನ್‌ಟಿಪಿಸಿದು 800 ಮೆಗಾವ್ಯಾಟಿನ ಮೂರು ಯೂನಿಟ್, ಒಟ್ಟ 2400 ಮೆಗಾವ್ಯಾಟ್. ಆಲಮಟ್ಟಿ ಡ್ಯಾಮಿನ ಪವರ್ ಹೌಸ್ 290 ಮೆಗಾವ್ಯಾಟ್. ಮುಧೋಳ, ಜಮಖಂಡಿ, ಅಥಣಿ, ಚಿಕ್ಕೋಡಿ ಕಡಿ ಸಕ್ಕರಿ ಕಾರ್ಖಾನಿ ಕೋ-ಜನ್, ಅಂದ್ರ ಕಬ್ಬಿನ ಸಿಪ್ಪಿ ಸುಟ್ಟು ಸ್ಟೀಮ್ ಮಾಡಿ ಕಾರ್ಖಾನಿಗೂ ಗ್ರಿಡ್‌ಗೂ ಕರೆಂಟ್ ಕೊಡೂ ಪ್ಲಾಂಟ್, ಎಷ್ಟ ಅದಾವ ಎಣಸಾಕ ಆಗೂದಿಲ್ಲ. ಗಾಳಿ ಫ್ಯಾನು, ಸೋಲಾರ್ ಬ್ಯಾರೆ. ಅಂದ್ಮ್ಯಾಲ ಕಲಿಯಾಕ ಜಾಗಾ ಐತಿ, ಕಲತದ್ದು ತೋರಿಸಾಕ ಮಾತ್ರ ಯಾರ ಹಂತೇಕೂ ಏನೂ ಇರೂದಿಲ್ಲ.

ಇವತ್ತ ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಶೀಟ್ ಚಾಲೂ ಮಾಡ್ರಿ. ಪ್ರತಿ ದೊಡ್ಡ ಕೆಲಸಕ್ಕ ಇಷ್ಟು ಬರೀರಿ: ತಾರೀಖು, ಯಾವ ಮಷೀನು, ಅದರ ರೇಟಿಂಗ್ ಎಷ್ಟು, ಯಾವ ಕಂಪನಿದು, ಏನು ಪ್ರಾಬ್ಲಂ ಇತ್ತು, ನೀವು ಏನು ಮಾಡಿದ್ರಿ, ಎಷ್ಟು ತಾಸಿನ್ಯಾಗ ಮಷೀನು ತಿರುಗಿ ಚಾಲೂ ಆತು. ಉದಾಹರಣೆಗೆ "ಟರ್ಬೈನ್ ಮೆಂಟೇನೆನ್ಸ್ ಮಾಡೀನಿ" ಅಂದ್ರ ಅಲ್ಲಿ ಕುಂತಾಂವಗೆ ಏನೂ ತಿಳಿಯೂದಿಲ್ಲ. "30 ಮೆಗಾವ್ಯಾಟ್ ಟರ್ಬೈನ್, 110 ಬಾರ್ ಬಾಯ್ಲರ್, ಜರ್ನಲ್ ಬೇರಿಂಗ್ ಬದಲಿ ಮಾಡಿ ಅಲೈನ್‌ಮೆಂಟ್ ಚೆಕ್ ಮಾಡಿ ವೈಬ್ರೇಷನ್ ಇಷ್ಟಕ್ಕ ಇಳಸಿದೆ" ಅಂದ್ರ ಆಂವ ಎದ್ದು ಕುಂದರ್ತಾನ. ಒಂದು ಎಚ್ಚರಿಕಿ, ಕಂಪನಿಯ ಡ್ರಾಯಿಂಗು, ಲಾಗ್ ಶೀಟು, ಡಿಸಿಎಸ್ (ಪ್ಲಾಂಟಿನ ಕಂಟ್ರೋಲ್ ಸಿಸ್ಟಮ್) ಸ್ಕ್ರೀನಿನ ಫೋಟೋ ಮನಿಗೆ ತರಬ್ಯಾಡ್ರಿ, ಅದು ಕಂಪನಿ ಆಸ್ತಿ, ಸಿಕ್ಕರ ನೌಕರಿ ಹೋಗ್ತೈತಿ. ನೆನಪಿಲೆ ನಿಮ್ಮ ಮಾತಿನ್ಯಾಗ ಬರದ್ರ ಸಾಕು.

ಎಂಥಾ ಕೆಲಸಾ ಬೆನ್ನ ಹತ್ತಬೇಕು? ಎರಡು. ಒಂದು ಕಮಿಷನಿಂಗ್, ಅಂದ್ರ ಹೊಸಾ ಮಷೀನನ್ನ ಟೆಸ್ಟ್ ಮಾಡಿ ಮೊದಲನೇ ಸಲ ಚಾಲೂ ಮಾಡೂದು. ಇನ್ನೊಂದು ಓವರ್‌ಹಾಲ್, ಅಂದ್ರ ಪೂರಾ ಬಿಚ್ಚಿ ನೋಡಿ ಮತ್ತ ಕೂಡಸೂದು. ಶಿಫ್ಟ್‌ನ್ಯಾಗ ಕುಂತು ಐದು ವರ್ಷ ರೀಡಿಂಗ್ ಬರದಾಂವಗಿಂತ ಎರಡು ಓವರ್‌ಹಾಲ್ ನಿಂತು ಮಾಡಿದಾಂವಗೆ ಹೊರಗ ಕಿಮ್ಮತ್ತು ಜಾಸ್ತಿ. ಸಕ್ಕರಿ ಕಾರ್ಖಾನಿಯವರಿಗೆ ಇದು ಸುಲಭ ಐತಿ, ಕಬ್ಬಿನ ಸೀಸನ್ ಮುಗದ ಮ್ಯಾಲ ಆಫ್-ಸೀಸನ್‌ನ್ಯಾಗ ಬಾಯ್ಲರ್ ಟರ್ಬೈನ್ ಎಲ್ಲಾ ಬಿಚ್ಚತಾರ, ಆವಾಗ ರಜಾ ಹಾಕಿ ಮದವಿ ಸೀಸನ್ ತಿರಗಬ್ಯಾಡ್ರಿ, ಕಂಪನಿ ಸರ್ವಿಸ್ ಇಂಜಿನಿಯರ್ ಬಂದಿರ್ತಾನಲ್ಲ, ಅವನ ಬೆನ್ನ ಹಿಂದ ನಿಂದರ್ರಿ. ಚಹಾ ನೀವ ತರಿಸಿರಿ, ಪರವಾಗಿಲ್ಲ.

ಇನ್ನ ಕಂಪನಿಯೊಳಗಿನ ಬಡ್ತಿ. ದೊಡ್ಡ ಕಂಪನಿಗಳ ಒಳಗಿನ ಪೋರ್ಟಲ್‌ನ್ಯಾಗ ಐಜೆಪಿ ಅಂತ ಬರ್ತಾವ, ಅಂದ್ರ ಹೊರಗಿನವರಿಗೆ ಹೇಳೂಕಿಂತ ಮೊದಲ ಒಳಗಿನ ನೌಕರರಿಗೆ ತೋರಸೂ ಖಾಲಿ ಹುದ್ದೆ. ಹೊರದೇಶದ ಹುದ್ದೆನೂ ಅಲ್ಲೇ ಬರ್ತಾವ. ವಾರಕ್ಕೊಮ್ಮೆ ನೋಡ್ರಿ. ಆದ್ರ ಮ್ಯಾನೇಜರ್‌ಗೆ ಹೇಳದ ಅರ್ಜಿ ಹಾಕಿ ಆಮ್ಯಾಲ ಅವರಿಗೆ ಎಚ್‌ಆರ್‌ನಿಂದ ಗೊತ್ತಾದ್ರ ಮುಗೀತು, ಬಿಡುಗಡೆ ಪತ್ರಕ್ಕ ಅವರ ಸಹಿನ ಬೇಕಲ್ಲ. ವರ್ಷದ ಅಪ್ರೈಸಲ್ ಕೂಡೂ ಮುಂದ "ಸರ್, ಎರಡು ವರ್ಷದಾಗ ನಮ್ಮ ಕಂಪನಿ ಹೊರಗಿನ ಪ್ರಾಜೆಕ್ಟಿಗೆ ಹೋಗೂ ಆಸೆ ಐತಿ, ಅದಕ್ಕ ನಾ ಏನು ಕಲೀಬೇಕು" ಅಂತ ಕೇಳ್ರಿ. ನಮ್ಮ ಮಂದಿಗೆ ದೊಡ್ಡವರ ಮುಂದ ತಮ್ಮ ಬಗ್ಗೆ ಕೇಳಾಕ ಸಂಕೋಚ, ಕೇಳಿದಾಂವಗೆ ಸಿಗತೈತಿ ಕೇಳದಾಂವಗೆ "ಆಂವ ಇಲ್ಲೇ ಆರಾಮ ಅದಾನ" ಅಂತ ಬಿಡ್ತಾರ.

ಕಾಂಟ್ರಾಕ್ಟರ್ ಕೈಯಾಗ ಕೆಲಸಾ ಮಾಡೂ ಐಟಿಐ, ಡಿಪ್ಲೊಮಾದವರು ಒಂದು ಮಾತು ತಲಿಯೊಳಗ ಇಟ್ಕೊಳ್ರಿ. ಪಗಾರ ಕೈಯಾಗ ಕೊಡ್ತಾರ, ಪಿಎಫ್ ಇಲ್ಲ, ಪೇ ಸ್ಲಿಪ್ ಇಲ್ಲ ಅಂದ್ರ ಆ ಎಕ್ಸ್‌ಪೀರಿಯನ್ಸ್ ಹೊರಗ ಲೆಕ್ಕಕ್ಕ ಬರೂದಿಲ್ಲ. ಪ್ಲಾಂಟ್ ಯಾರದ ಇರಲಿ, ನಿಮ್ಮ ಸರ್ಟಿಫಿಕೇಟ್ ಕೊಡಾಂವ ಕಾಂಟ್ರಾಕ್ಟರ್. ಕೆಲಸಾ ಬಿಡೂ ದಿನಾನ ಲೆಟರ್‌ಹೆಡ್ ಮ್ಯಾಲ ಹುದ್ದೆ, ತಾರೀಖು, ಮಾಡಿದ ಕೆಲಸಾ ಬರಿಸಿಕೊಂಡ ಬರ್ರಿ, ಎರಡು ವರ್ಷ ಬಿಟ್ಟು ಹೋದ್ರ ಆ ಕಾಂಟ್ರಾಕ್ಟರನ್ನ ಹುಡಕೂದ ಒಂದು ಕೆಲಸಾ ಆಗ್ತೈತಿ.

3. ಸರ್ಟಿಫಿಕೇಟ್: ಎಲ್ಲಾ ಬ್ಯಾಡ, ನಿಮ್ಮದಷ್ಟ ಸಾಕು

ಟ್ರೇನಿಂಗ್ ಸೆಂಟರಿನವರು ಹತ್ತು ಕೋರ್ಸ್ ಕಟ್ಟಾಕ ನೋಡ್ತಾರ. ನಿಮ್ಮ ಕೆಲಸಕ್ಕ ಯಾವುದು ಬೇಕು ಅಂತ ಜಾಬ್ ಪೋಸ್ಟಿಂಗ್ ಒಂದಿಪ್ಪತ್ತು ಓದಿ ನೋಡಿ ಆಮ್ಯಾಲ ರೊಕ್ಕಾ ಹಾಕ್ರಿ.

ಬಾಯ್ಲರ್ ಕಡಿಯವರಿಗೆ ಬಿಓಇ, ಅಂದ್ರ ಬಾಯ್ಲರ್ ಆಪರೇಷನ್ ಇಂಜಿನಿಯರ್ ಪರೀಕ್ಷೆ, ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆ ನಡಸ್ತೈತಿ. ಇದು ದೇಶದೊಳಗ ಬಡ್ತಿಗೂ ಬೇಕು, ಮೊದಲ ಇದನ್ನ ಮುಗಸ್ರಿ. ಗಾಳಿ ಫ್ಯಾನಿನವರಿಗೆ ಜಿಡಬ್ಲ್ಯುಓ (ಗಾಳಿ ಫ್ಯಾನ್ ಕಂಪನಿಗಳ ಜಾಗತಿಕ ಸಂಸ್ಥೆ) ಬೇಸಿಕ್ ಸೇಫ್ಟಿ ಟ್ರೇನಿಂಗ್, ಅಂದ್ರ ಎತ್ತರದಾಗ ಕೆಲಸಾ, ಬೆಂಕಿ, ಪ್ರಥಮ ಚಿಕಿತ್ಸೆ, ಭಾರ ಎತ್ತೂದು, ಸಮುದ್ರದಾಗಿನ ಫ್ಯಾನಾದ್ರ ನೀರಿನ್ಯಾಗ ಜೀವ ಉಳಸ್ಕೊಳ್ಳೂದು. ಇದರ ಅವಧಿ ಎರಡ ವರ್ಷ, ಅದಕ್ಕ ಆಫರ್ ಸುಳಿವು ಸಿಗೂತನಕ ಮಾಡಬ್ಯಾಡ್ರಿ, ಕಂಪನಿ ಮಾಡಸ್ತೈತಿ ಅಂದ್ರ ಇನ್ನೂ ಚೊಲೋ. ಸೇಫ್ಟಿ ಕಡಿ ಹೋಗೂರಿಗೆ ಗಲ್ಫ್‌ನ್ಯಾಗ ನೆಬೋಷ್ ಅನ್ನೂ ಬ್ರಿಟನ್ನಿನ ಸೇಫ್ಟಿ ಸರ್ಟಿಫಿಕೇಟ್ ಕೇಳ್ತಾರ. ಎಲೆಕ್ಟ್ರಿಕಲ್‌ನವರು ಪ್ರೊಟೆಕ್ಷನ್ ರಿಲೇ, ಅಂದ್ರ ಫಾಲ್ಟ್ ಬಂದಾಗ ಬ್ರೇಕರ್ ಬೀಳಸೂ ಸಾಧನ, ಅದರ ಟೆಸ್ಟಿಂಗ್ ಕೈಯಿಂದ ಬರೂವಂಗ ಕಲೀರಿ, ಇದಕ್ಕ ಎಲ್ಲಾ ಕಡಿ ಬೇಡಿಕಿ ಐತಿ.

ಬಿಇಇ, ಅಂದ್ರ ಕೇಂದ್ರ ಸರ್ಕಾರದ ಇಂಧನ ಉಳಿತಾಯ ಸಂಸ್ಥೆ, ಅವರ ಎನರ್ಜಿ ಮ್ಯಾನೇಜರ್, ಎನರ್ಜಿ ಆಡಿಟರ್ ಪರೀಕ್ಷೆ ನಮ್ಮ ದೇಶದ್ದು. ಮ್ಯಾನೇಜರ್‌ಗೆ ಮೂರು ಪೇಪರ್, ಆಡಿಟರ್‌ಗೆ ನಾಕು. ಹೊರಗ ಇದಕ್ಕ ನೇರ ಮಾನ್ಯತೆ ಕಡಿಮಿ, ಆದ್ರ ಓದಿದ್ದು ಇಂಟರ್‌ವ್ಯೂದಾಗ ಉಪಯೋಗ ಬರ್ತೈತಿ, ಮತ್ತ ಕಂಪನಿಯೊಳಗ ಶಿಫ್ಟ್‌ನಿಂದ ಎದ್ದು ಪ್ಲಾನಿಂಗ್ ಕಡಿ ಹೋಗಾಕ ಇದೊಂದು ಏಣಿ. ಪಿಎಂಪಿ, ಅಂದ್ರ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್, ಪ್ರಾಜೆಕ್ಟ್ ನಡಸಿದವರಿಗೆ ಮಾತ್ರ, ಡಿಗ್ರಿ ಇದ್ದವರಿಗೆ 36 ತಿಂಗಳ ಪ್ರಾಜೆಕ್ಟ್ ಅನುಭವ ಕೇಳ್ತಾರ, ಸುಳ್ಳ ತುಂಬಿದ್ರ ಆಡಿಟ್‌ನ್ಯಾಗ ಸಿಗ್ತೀರಿ.

4. ಪಾಸ್‌ಪೋರ್ಟು, ಮತ್ತ ನಿಮ್ಮ ಹೆಸರು

ಬೆಂಗಳೂರಿಗೆ ಓಡೂ ಕಾಲ ಹೋತು, ಬೆಳಗಾವಿ ವಿಜಯಪುರದಾಗ ಅಂಚೆ ಕಚೇರಿಯೊಳಗನ ಪಾಸ್‌ಪೋರ್ಟ್ ಸೇವಾ ಕೇಂದ್ರ ಐತಿ. ಸಾದಾ 36 ಪುಟದ್ದಕ್ಕ 1500 ರೂಪಾಯಿ, ತತ್ಕಾಲ್‌ಗೆ ಮ್ಯಾಲ 2000. ಹತ್ತನೇತ್ತಾ ಪಾಸಾದವರು ಮಾರ್ಕ್ಸ್ ಕಾರ್ಡ್ ತಪ್ಪದ ಕೊಡ್ರಿ, ಇಸಿಎನ್‌ಆರ್ ಸಿಗತೈತಿ, ಅಂದ್ರ ಗಲ್ಫ್ ಹಂಥ ದೇಶಕ್ಕ ಕೆಲಸಕ್ಕ ಹೋಗೂ ಮುಂದ ಎಮಿಗ್ರೇಶನ್ ಇಲಾಖೆಯ ಬ್ಯಾರೆ ಅನುಮತಿ ಬೇಕಾಗೂದಿಲ್ಲ.

ನಮ್ಮ ಮಂದಿ ಮುಗ್ಗರಸೂದು ಹೆಸರಿನ್ಯಾಗ. ಹತ್ತನೇತ್ತಾ ಕಾರ್ಡಿನ್ಯಾಗ ಅಡ್ಡಹೆಸರು ಮೊದಲ, ಡಿಗ್ರಿಯೊಳಗ ಕಡೀಕ, ಆಧಾರದಾಗ ಅಪ್ಪನ ಹೆಸರು ನಡಕ, ಪ್ಯಾನ್‌ನ್ಯಾಗ ಬರೇ ಇನಿಶಿಯಲ್. ಪಾಟೀಲ ಅನ್ನೂದ ಒಂದ ಮನ್ಯಾಗ ಮೂರು ಸ್ಪೆಲ್ಲಿಂಗ್. ಊರಿನ ಹೆಸರೂ ಹಂಗ, 2014ರ ನವೆಂಬರ್ 1ಕ್ಕ ಬಿಜಾಪುರ ವಿಜಯಪುರ ಆತು, ಬೆಳಗಾಂ ಬೆಳಗಾವಿ ಆತು, ಅದಕ್ಕಿಂತ ಮೊದಲಿನ ಕಾಗದದಾಗೆಲ್ಲಾ ಹಳೇ ಹೆಸರು. ಊರ ಹೆಸರಿನ ಫರಕಿಗೆ ಸರ್ಕಾರದ ಆದೇಶಾನ ಐತಿ, ಅದರ ಪ್ರತಿ ತೋರಸಬಹುದು. ನಿಮ್ಮ ಹೆಸರಿನ ಫರಕಿಗೆ ಮಾತ್ರ ಯಾರೂ ಒಪ್ಪೂದಿಲ್ಲ. ಹತ್ತನೇತ್ತಾ ಕಾರ್ಡ್ ಹೆಂಗ ಐತಿ ಹಂಗ, ಇನಿಶಿಯಲ್ ಬಿಡಿಸಿ ಬರದು, ಪಾಸ್‌ಪೋರ್ಟ್ ಮಾಡಸ್ರಿ, ಆಮ್ಯಾಲ ಆಧಾರ್, ಪ್ಯಾನ್, ಬ್ಯಾಂಕು, ಪಿಎಫ್ ಎಲ್ಲಾ ಪಾಸ್‌ಪೋರ್ಟಿಗೆ ಹೊಂದಸ್ರಿ. ಪಿಎಫ್‌ನ್ಯಾಗ ಹೆಸರು ತಪ್ಪ ಇದ್ರ ಕಂಪನಿ ಬಿಡೂಕಿಂತ ಮೊದಲ ಸರಿ ಮಾಡಸ್ರಿ, ಬಿಟ್ಟ ಮ್ಯಾಲ ಎಚ್‌ಆರ್ ಫೋನ್ ಎತ್ತೂದಿಲ್ಲ.

5. ಡಿಗ್ರಿ ಕಾಗದಕ್ಕ ಶಿಕ್ಕಾ ಹೊಡಿಸೂದು

ಹೊರದೇಶದವರು ನಿಮ್ಮ ಡಿಗ್ರಿ ಖರೇನ ಐತೋ ಇಲ್ಲೋ ನಂಬಾಕ ಅದಕ್ಕ ಮೊದಲ ರಾಜ್ಯ ಸರ್ಕಾರದ ದೃಢೀಕರಣ, ಆಮ್ಯಾಲ ದಿಲ್ಲಿಯ ವಿದೇಶಾಂಗ ಇಲಾಖೆಯ ಶಿಕ್ಕಾ ಬೇಕು. ಹೇಗ್ ಒಪ್ಪಂದದ ದೇಶಗಳ ನಡುವ ನಡಿಯೂ ಶಿಕ್ಕಾಕ್ಕ ಅಪೊಸ್ಟೈಲ್ ಅಂತಾರ, ಅದು ಆದ್ರ ರಾಯಭಾರಿ ಕಚೇರಿಗೆ ಹೋಗೂದು ಬೇಕಾಗೂದಿಲ್ಲ. ಒಮಾನ್, ಬಹ್ರೇನ್ ಮೊದಲ ಅದರಾಗ ಇದ್ವು, ಸೌದಿ 2022ರ ಡಿಸೆಂಬರ್‌ನಿಂದ ಬಂತು. ಯುಎಇ, ಕತಾರ್, ಕುವೈತ್‌ಗೆ ಮಾತ್ರ ಆ ದೇಶದ ರಾಯಭಾರಿ ಕಚೇರಿ ಶಿಕ್ಕಾನೂ ಬೇಕು, ಅದಕ್ಕ ರೊಕ್ಕಾನೂ ಜಾಸ್ತಿ ದಿನಾನೂ ಜಾಸ್ತಿ. ವಿದೇಶಾಂಗ ಇಲಾಖೆ ನೇರ ಕಾಗದ ತೊಗೊಳ್ಳೂದಿಲ್ಲ, ಅವರ ನೇಮಿಸಿದ ಏಜೆನ್ಸಿ ಮೂಲಕನ ಕೊಡಬೇಕು. ಇಂಥಾ ಏಜೆನ್ಸಿ ಯಾವ್ಯಾವು ಅಂತ ಇಲಾಖೆ ವೆಬ್‌ಸೈಟಿನ್ಯಾಗ ಐತಿ, ಜೆರಾಕ್ಸ್ ಅಂಗಡಿಯಾಂವ ಹೇಳಿದಲ್ಲೆ ಮೂಲ ಡಿಗ್ರಿ ಕೊಟ್ಟ ಬರಬ್ಯಾಡ್ರಿ.

ವಿಟಿಯು ಓದಿದವರದು ಪುಣ್ಯ, ಯೂನಿವರ್ಸಿಟಿ ಬೆಳಗಾವ್ಯಾಗನ ಐತಿ, ಟ್ರಾನ್ಸ್‌ಕ್ರಿಪ್ಟ್ ಅಂದ್ರ ಎಲ್ಲಾ ಸೆಮಿಸ್ಟರ್ ಅಂಕದ ಅಧಿಕೃತ ಪಟ್ಟಿ, ಅದನ್ನ ಮೊದಲ ತಗದ ಇಟ್ಕೊಳ್ರಿ. ಕಾನ್ವೊಕೇಶನ್ ಸರ್ಟಿಫಿಕೇಟ್ ತೊಗೊಳ್ಳದ ಪ್ರೊವಿಶನಲ್ ಮ್ಯಾಲನ ಹತ್ತು ವರ್ಷ ನೌಕರಿ ಮಾಡಿದವರು ಭಾಳ ಮಂದಿ ಅದೀರಿ, ನಿಮಗ ಹೇಳೂದು.

ಇನ್ನ ಕೆಲವು ದೇಶದಾಗ ಇಂಜಿನಿಯರ್ ಅನಸ್ಕೊಳ್ಳಾಕ ಅಲ್ಲಿಯ ಸಂಸ್ಥೆ ಒಪ್ಪಬೇಕು. ಸೌದಿಯೊಳಗ ಸೌದಿ ಕೌನ್ಸಿಲ್ ಆಫ್ ಇಂಜಿನಿಯರ್ಸ್‌ನ್ಯಾಗ ಹೆಸರು ನೋಂದಾಯಿಸಬೇಕು. ಆಸ್ಟ್ರೇಲಿಯಾಕ್ಕಾದ್ರ ಇಂಜಿನಿಯರ್ಸ್ ಆಸ್ಟ್ರೇಲಿಯಾ ಪರಿಶೀಲನೆ: ನಿಮ್ಮ ಕೋರ್ಸ್ ವಾಷಿಂಗ್ಟನ್ ಒಪ್ಪಂದದಡಿ, ಅಂದ್ರ ಒಂದು ದೇಶದ ಇಂಜಿನಿಯರಿಂಗ್ ಡಿಗ್ರಿ ಇನ್ನೊಂದು ದೇಶ ಒಪ್ಪೂ ಒಪ್ಪಂದದಡಿ, ಮಾನ್ಯತೆ ಪಡದಿದ್ರ ಸುಲಭ, ಭಾರತ 2014ರಾಗ ಅದರ ಪೂರ್ಣ ಸದಸ್ಯ ಆತು, ಆದ್ರ ಎಲ್ಲಾ ಕಾಲೇಜಿನ ಎಲ್ಲಾ ಬ್ರ್ಯಾಂಚಿಗೂ ಅದು ಹತ್ತೂದಿಲ್ಲ. ಇಲ್ಲಂದ್ರ ಸಿಡಿಆರ್ ಬರೀಬೇಕು, ನೀವು ಮಾಡಿದ ಮೂರು ಕೆಲಸದ ಬಗ್ಗೆ ಒಂದೊಂದು ಪ್ರಬಂಧ. ಎರಡನೇ ಹಂತದಾಗ ನೋಟ್‌ಬುಕ್ ಇಡ್ರಿ ಅಂದ್ನಲ್ಲ, ಇಲ್ಲೆ ಅದು ಬಂಗಾರ. ರೊಕ್ಕಾ ಕೊಟ್ಟು ಬರಿಸಿದ ಸಿಡಿಆರ್ ಕಾಪಿ ಅಂತ ಸಿಕ್ಕರ ಅರ್ಜಿ ತಿರಸ್ಕಾರ ಅಷ್ಟ ಅಲ್ಲ, ತಿರುಗಿ ಹಾಕಾಕ ನಿಷೇಧಾನೂ ಹಾಕ್ತಾರ.

6. ಸಿವಿ, ಇಂಟರ್‌ವ್ಯೂ

ಸಿವಿ ಎರಡು ಪುಟ. ಅಪ್ಪನ ಹೆಸರು, ಜಾತಿ, ಹವ್ಯಾಸ, ಕೆಳಗ "ಮೇಲಿನದೆಲ್ಲಾ ಸತ್ಯ" ಅಂತ ಘೋಷಣೆ, ಎಲ್ಲಾ ತಗೀರಿ. ಮೊದಲನೇ ಅರ್ಧ ಪುಟದಾಗ ಮಷೀನು, ರೇಟಿಂಗ್, ನೀವು ಮಾಡಿದ್ದು ಬರಬೇಕು.

ಇಂಟರ್‌ವ್ಯೂದಾಗ ನಮ್ಮವರ ದೊಡ್ಡ ತಪ್ಪು "ನಾವು ಮಾಡಿದ್ವಿ, ಟೀಮ್ ಮಾಡ್ತು" ಅನ್ನೂದು. ವಿನಯ ಮನ್ಯಾಗ ಚೊಲೋ, ಅಲ್ಲೆ ಕೇಳಾಂವಗೆ ನೀವು ಪಾನಾ ಹಿಡಿದ್ರೋ ಬರೇ ಬ್ಯಾಟರಿ ಹಿಡದ ನಿಂತಿದ್ರೋ ತಿಳೀಬೇಕು. "ನಾನು" ಅನ್ರಿ. ಮಾಡಲಾರದ್ದಕ್ಕ "ಮಾಡಿಲ್ಲ, ನೋಡೀನಿ" ಅಂತ ಅನ್ರಿ, ಅದು ಮರ್ಯಾದಿ ಉಳಸ್ತೈತಿ.

ಟೆಕ್ನಿಕಲ್ ಆದ ಮ್ಯಾಲ ಸೇಫ್ಟಿ ಖಂಡಿತ ಕೇಳ್ತಾರ. ಪರ್ಮಿಟ್ ಟು ವರ್ಕ್, ಅಂದ್ರ ಬರವಣಿಗಿ ಅನುಮತಿ ಇಲ್ಲದ ಮಷೀನಿಗೆ ಕೈ ಹಚ್ಚಬಾರದು ಅನ್ನೂ ಪದ್ಧತಿ. ಲೋಟೊ, ಅಂದ್ರ ಬ್ರೇಕರ್‌ಗೆ ಕೀಲಿ ಹಾಕಿ ಚೀಟಿ ಕಟ್ಟೂದು. "ಸಾಹೇಬ್ರು ಪರ್ಮಿಟ್ ಇಲ್ಲದ ಮಾಡು ಅಂದ್ರ ಏನು ಮಾಡ್ತಿ?" ಅಂತ ಕೇಳಿದಾಗ "ಮಾಡ್ತೀನಿ ಸರ್, ಪ್ರೊಡಕ್ಷನ್ ಮುಖ್ಯ" ಅಂದವನ ಇಂಟರ್‌ವ್ಯೂ ಅಲ್ಲೇ ಮುಗದಂಗ.

ಇಂಗ್ಲಿಷ್ ಹೆದರಿಕಿ ಬಿಡ್ರಿ. ಸೈಟಿನ್ಯಾಗ ಅರ್ಧ ಮಾತು ಹಿಂದಿ, ನಮ್ಮ ವಿಜಯಪುರದ ಮಂದಿಗೆ ದಖನಿ ಹುಟ್ಟಿನಿಂದ ಬರ್ತೈತಿ, ಬೆಳಗಾವಿಯವರಿಗೆ ಮರಾಠಿ, ಹಿಂಗಾಗಿ ಹಿಂದಿ ಕಷ್ಟ ಆಗೂದಿಲ್ಲ. ಆದ್ರ ವಾಕಿಟಾಕಿಯೊಳಗ ಮಾತಾಡೂದು, ರಿಪೋರ್ಟ್ ಬರಿಯೂದು, ಮುಂಜಾನೆ ಟೂಲ್‌ಬಾಕ್ಸ್ ಟಾಕ್ ಅಂತ ಐದು ನಿಮಿಷ ಎಲ್ಲಾರಿಗೆ ಅಪಾಯ ವಿವರಿಸೂದು, ಇದು ಇಂಗ್ಲಿಷ್‌ನ್ಯಾಗನ. ಈಗಿನ ಪ್ಲಾಂಟ್‌ನ್ಯಾಗನ ರೂಢಿ ಮಾಡ್ರಿ.

ಒಂದು ಟೆಕ್ನಿಕಲ್ ಕಿವಿಮಾತು: ಸೌದಿ ಗ್ರಿಡ್ 60 ಹರ್ಟ್ಸ್, ನಮ್ಮಂಗ 50 ಅಲ್ಲ, ಅಂದ್ರ ಇಲ್ಲಿ 3000 ಆರ್‌ಪಿಎಂ ತಿರುಗೂ ಎರಡು ಪೋಲಿನ ಮಷೀನ್ ಅಲ್ಲಿ 3600. ದೊಡ್ಡ ಲೈನು 380 ಕೆವಿ. ಯುಎಇ ನಮ್ಮಂಗ 50 ಹರ್ಟ್ಸ್, 400 ಕೆವಿ. ಹೋಗೂ ದೇಶದ ಇಷ್ಟು ಮಾಹಿತಿ ಓದಿಕೊಂಡ ಹೋದ್ರ ಕೇಳಾಂವಗೆ ಖುಷಿ ಆಗ್ತೈತಿ.

7. ಏಜೆಂಟು, ಆಫರ್ ಲೆಟರು

ಏಜೆಂಟ್ ಮೂಲಕ ಹೋಗೂದಾದ್ರ ಇಮೈಗ್ರೇಟ್ ಅನ್ನೂ ಸರ್ಕಾರಿ ಪೋರ್ಟಲ್‌ನ್ಯಾಗ ಅವನ ಹೆಸರು, ನೋಂದಣಿ ನಂಬರ್ ಹುಡಕ್ರಿ. ಇಲ್ಲಂದ್ರ ಅಲ್ಲಿಂದನ ಎದ್ದ ಬರ್ರಿ, ಎಷ್ಟ ದೊಡ್ಡ ಬೋರ್ಡ್ ಹಾಕಿರಲಿ, ನಿಮ್ಮ ಬೀಗರ ಇರಲಿ. ನೋಂದಾಯಿತ ಏಜೆಂಟ್ ಕೂಡ ಸೇವಾ ಶುಲ್ಕ 30,000 ರೂಪಾಯಿ ಮತ್ತ ಅದರ ಮ್ಯಾಲಿನ ಜಿಎಸ್‌ಟಿಗಿಂತ ಹೆಚ್ಚು ತೊಗೊಳ್ಳಂಗಿಲ್ಲ, ರಸೀದಿ ಕೊಡಬೇಕು. ಎರಡು ಲಕ್ಷ, ಮೂರು ಲಕ್ಷ ಅಂದ್ರ ಹೊಲ ಒತ್ತಿ ಇಡೂ ಮುಂದ ಈ ಸಾಲು ನೆನಸ್ಕೊಳ್ರಿ.

"ವಿಸಿಟ್ ವೀಸಾದ ಮ್ಯಾಲ ಹೋಗು, ಅಲ್ಲಿ ಕೆಲಸದ ವೀಸಾ ಮಾಡ್ಕೊಡ್ತೀವಿ" ಅಂದ್ರ ಬ್ಯಾಡ. ವಿಸಿಟ್ ವೀಸಾದ ಮ್ಯಾಲ ಕೆಲಸಾ ಮಾಡೂದು ಅಪರಾಧ, ಪಗಾರ ಕೊಡದಿದ್ರ ಯಾರ ಮುಂದ ಹೇಳಾಕೂ ಬರೂದಿಲ್ಲ. ಅಲ್ಲಿ ಹೋದ ಮ್ಯಾಲ ಮಾಲಕ ಪಾಸ್‌ಪೋರ್ಟ್ ಕಸ್ಕೊಂಡ ಇಟ್ಕೊಳ್ಳೂದೂ ಸೌದಿ, ಯುಎಇ ಕಾನೂನಿನ್ಯಾಗ ತಪ್ಪು.

ಆಫರ್ ಲೆಟರ್‌ನ್ಯಾಗ ಒಟ್ಟ ಪಗಾರ ನೋಡಿ ಕುಣೀಬ್ಯಾಡ್ರಿ, ಬೇಸಿಕ್ ಎಷ್ಟು ನೋಡ್ರಿ. ಯುಎಇಯೊಳಗ ಕೆಲಸಾ ಬಿಡೂ ಮುಂದ ಬರೂ ಗ್ರ್ಯಾಚ್ಯುಯಿಟಿ, ಮೊದಲ ಐದು ವರ್ಷಕ್ಕ ವರ್ಷಕ್ಕ 21 ದಿನದ್ದು, ಆಮ್ಯಾಲ 30 ದಿನದ್ದು, ಎಲ್ಲಾ ಬೇಸಿಕ್ ಮ್ಯಾಲನ ಲೆಕ್ಕ. ನನ್ನ ಮೊದಲನೇ ಆಫರ್‌ನ್ಯಾಗ ಬೇಸಿಕ್ ಕಡಿಮಿ ಇಟ್ಟು ಉಳಿದದ್ದು ಅಲೌನ್ಸ್ ಅಂತ ತುಂಬಿದ್ರು, ನಾನು ರೂಪಾಯಿಗೆ ಗುಣಿಸಿ ನೋಡಿ ಅದ ಖುಷಿಯೊಳಗ ಸಹಿ ಹಾಕಿದೆ. ಬಿಡೂ ದಿನಾ ಲೆಕ್ಕಾ ಕೈಗೆ ಬಂದಾಗ ತಿಳೀತು. ಮನಿ ಕೊಡ್ತಾರೋ ಅಲೌನ್ಸ್ ಕೊಡ್ತಾರೋ, ವರ್ಷಕ್ಕ ಟಿಕೆಟ್ ಎಷ್ಟು ಮಂದಿಗೆ, ಓವರ್‌ಟೈಮ್ ಹೆಂಗ, ಫ್ಯಾಮಿಲಿ ವೀಸಾ ಸಿಗೂ ಹುದ್ದೆನೋ ಅಲ್ಲೋ, ಮಧ್ಯದಾಗ ಬಿಟ್ಟರ ದಂಡ ಎಷ್ಟು, ಇಷ್ಟು ಬರಹದಾಗ ಬರೂತನಕ ಇಲ್ಲಿ ರಾಜೀನಾಮೆ ಕೊಡಬ್ಯಾಡ್ರಿ. ವೀಸಾ ಸ್ಟ್ಯಾಂಪ್ ಆದ ಮ್ಯಾಲ ಕೊಟ್ಟರೂ ನಡೀತೈತಿ, ನಿಮ್ಮ ನೋಟಿಸ್ ಪೀರಿಯಡ್ 90 ದಿನಾ ಐತಿ ಅಂತ ಅವರಿಗೆ ಮೊದಲ ಹೇಳಿರ್ರಿ ಅಷ್ಟ.

ಕಂಪನಿ ಟ್ರಾನ್ಸ್‌ಫರ್ ಆದವರು ಸೆಕೆಂಡ್‌ಮೆಂಟೋ ಲೋಕಲ್ ಕಾಂಟ್ರಾಕ್ಟೋ ಕೇಳ್ರಿ. ಸೆಕೆಂಡ್‌ಮೆಂಟ್ ಅಂದ್ರ ನೌಕರಿ ಇಲ್ಲಿಯ ಕಂಪನಿದ ಇದ್ದು ಕೆಲಸಾ ಅಲ್ಲಿ, ಮುಗದ ಮ್ಯಾಲ ಇಲ್ಲಿ ಕುರ್ಚಿ ಐತಿ. ತಿರುಗಿ ಬಂದಾಗ ಯಾವ ಗ್ರೇಡಿಗೆ ಬರ್ತೀರಿ ಅನ್ನೂದನ್ನ ಹೋಗೂ ಮುಂದನ ಬರಿಸಿಕೊಳ್ರಿ, ಮೂರು ವರ್ಷ ಹೊರಗ ಇದ್ದು ಬಂದು ತನ್ನ ಜೂನಿಯರ್ ಕೈಯಾಗ ಕೆಲಸಾ ಮಾಡೂ ಪರಿಸ್ಥಿತಿ ನಾ ನೋಡೀನಿ.

8. ರೊಕ್ಕದ ಲೆಕ್ಕ

ನೌಕರಿ ಸಲುವಾಗಿ ಹೊರಗ ಹೋಗೂ ವರ್ಷ, ಏಪ್ರಿಲ್‌ನಿಂದ ಮಾರ್ಚ್‌ನ್ಯಾಗ, ಭಾರತದಾಗ 182 ದಿನಕ್ಕಿಂತ ಕಡಿಮಿ ಇದ್ರ ಆ ವರ್ಷ ನೀವು ಎನ್‌ಆರ್‌ಐ, ಹೊರಗಿನ ಪಗಾರಕ್ಕ ಇಲ್ಲಿ ಟ್ಯಾಕ್ಸ್ ಬರೂದಿಲ್ಲ. ಅದಕ್ಕ ಆದಷ್ಟು ಸೆಪ್ಟೆಂಬರ್ ಮೂರನೇ ವಾರದೊಳಗ ವಿಮಾನ ಹತ್ತೂದು ಚೊಲೋ, ಎರಡು ವಾರದ ಸಲುವಾಗಿ ಟ್ಯಾಕ್ಸ್ ಕಟ್ಟೂದು ಯಾರಿಗೆ ಬೇಕು. ಹೋದ ಮ್ಯಾಲ ಊರಿನ ಸೇವಿಂಗ್ಸ್ ಅಕೌಂಟನ್ನ ಎನ್‌ಆರ್‌ಓ (ಎನ್‌ಆರ್‌ಐಗಳ ಇಲ್ಲಿಯ ಆದಾಯಕ್ಕ ಇರೂ ಅಕೌಂಟ್) ಮಾಡಸ್ರಿ, ಪಗಾರ ಕಳಸಾಕ ಎನ್‌ಆರ್‌ಇ (ಹೊರಗಿನ ಗಳಿಕಿ ಇಡೂ ಅಕೌಂಟ್) ತಗೀರಿ. ಮಂದಿ ಮಾಡೂದಿಲ್ಲ, ಆದ್ರ ಕಾನೂನು ಅದ. ಜರ್ಮನಿ, ಜಪಾನ್, ಆಸ್ಟ್ರೇಲಿಯಾ ಹಂಥ ದೇಶದ ಜೋಡಿ ಭಾರತದ ಸಾಮಾಜಿಕ ಭದ್ರತಾ ಒಪ್ಪಂದ ಐತಿ, ಸೆಕೆಂಡ್‌ಮೆಂಟ್ ಮ್ಯಾಲ ಹೋಗೂರು ಪಿಎಫ್ ಕಚೇರಿಯಿಂದ ಸರ್ಟಿಫಿಕೇಟ್ ಆಫ್ ಕವರೇಜ್ ತೊಗೊಂಡ್ರ ಎರಡೂ ಕಡಿ ಕಟ್ಟೂದು ತಪ್ಪತೈತಿ. ಗಲ್ಫ್‌ಗೆ ಈ ಒಪ್ಪಂದ ಇಲ್ಲ.

9. ಮನಿಯವರು, ಕಡೀ ತಯಾರಿ, ಬ್ಯಾಗು

ಹೆಂಡತಿ ಮಕ್ಕಳನ್ನ ಕರಕೊಂಡ ಹೋಗಾಕ ಮದವಿ ನೋಂದಣಿ ಸರ್ಟಿಫಿಕೇಟ್ ಬೇಕು, ಲಗ್ನಪತ್ರಿಕಿ ನಡಿಯೂದಿಲ್ಲ, ಮಂಗಲ ಕಾರ್ಯಾಲಯದ ರಸೀದಿನೂ ನಡಿಯೂದಿಲ್ಲ. ನಮ್ಮ ಕಡಿ ಮದವಿ ನೋಂದಣಿ ಮಾಡಿಸಿದವರು ಕಡಿಮಿ, ಸಬ್ ರಿಜಿಸ್ಟ್ರಾರ್ ಕಚೇರಿಯೊಳಗ ಈಗ ಮಾಡಸ್ರಿ, ಅದಕ್ಕೂ ಡಿಗ್ರಿ ಹಂಗ ಶಿಕ್ಕಾ ಹೊಡಿಸಬೇಕು. ಮಕ್ಕಳ ಜನನ ಪ್ರಮಾಣಪತ್ರದಾಗ ಕೂಸಿನ ಹೆಸರಿನ ಜಾಗಾ ಖಾಲಿ ಇರ್ತೈತಿ ಭಾಳ ಸಲ, ತೊಟ್ಟಲಕ್ಕ ಹಾಕಿದ ಮ್ಯಾಲ ಯಾರೂ ಹೋಗಿ ಹೆಸರು ಸೇರಿಸಿರೂದಿಲ್ಲ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಪೋರ್ಟಲ್‌ನ್ಯಾಗನ, 500 ರೂಪಾಯಿ. ಗಲ್ಫ್ ಮೆಡಿಕಲ್‌ಗೆ ಅವರ ಒಪ್ಪಿದ ಸೆಂಟರ್‌ಗೆ ಹೋಗಬೇಕು, ಬೆಂಗಳೂರು, ಮುಂಬೈ ಹಂಥ ದೊಡ್ಡ ಊರಾಗ ಅದಾವ. ಆಫ್ರಿಕಾದ ಭಾಳ ದೇಶಕ್ಕ ಹಳದಿ ಜ್ವರದ ಲಸಿಕಿ, ಪ್ರಯಾಣಕ್ಕಿಂತ ಕನಿಷ್ಠ 10 ದಿನಾ ಮೊದಲ.

ಡ್ರೈವಿಂಗ್ ಲೈಸೆನ್ಸ್ ಕಾರಿಂದು ಇರಲಿ, ಬೈಕಿಂದಷ್ಟ ಸಾಲೂದಿಲ್ಲ. ಆರ್‌ಟಿಓದಾಗ ಇಂಟರ್‌ನ್ಯಾಷನಲ್ ಪರ್ಮಿಟ್ ಒಂದು ವರ್ಷಕ್ಕ ಕೊಡ್ತಾರ. ಫೀಲ್ಡ್ ಕೆಲಸದಾಗ ಗಾಡಿ ಹೊಡಿಯಾಕ ಬಂದ್ರ ನಿಮಗ ಸೈಟ್ ಸಿಗತೈತಿ, ಇಲ್ಲಂದ್ರ ಯಾರದರೆ ಹಿಂದ ಕುಂದರಬೇಕು.

ಬ್ಯಾಗಿನ ಬಗ್ಗೆ ಅವ್ವಗ, ಹೆಂಡತಿಗೆ ಮೊದಲ ಹೇಳ್ರಿ. ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಹಾಕಿದ್ರ ನಡೀತೈತಿ, ಗಸಗಸಿ ಮಾತ್ರ ಒಂದು ಕಾಳೂ ಬ್ಯಾಡ. ಸೌದಿ, ಯುಎಇ, ಕತಾರ್‌ದಾಗ ಗಸಗಸಿ ಮಾದಕ ವಸ್ತು ಲೆಕ್ಕ, ಏರ್‌ಪೋರ್ಟಿನ್ಯಾಗ ಹಿಡದು ಒಳಗ ಹಾಕ್ತಾರ, ಅಡಗಿಗೆ ತಂದೀನಿ ಅಂದ್ರ ಕೇಳೂದಿಲ್ಲ. ಮಸಾಲಿ ಪುಡಿಯೊಳಗ, ಮನ್ಯಾಗ ಕಟ್ಟಿದ ಉಂಡಿಯೊಳಗ ಬಿದ್ದಿರ್ತೈತಿ, ಗೋಕಾಕದ್ದೋ ಅಮೀನಗಡದ್ದೋ ಕರದಂಟು ಒಯ್ಯೂದಾದ್ರ ಅಂಗಡಿಯಾಂವಗ ಗಸಗಸಿ ಹಾಕೀರೇನು ಅಂತ ಕೇಳಿ ತೊಗೊಳ್ರಿ. ಕೆಮ್ಮಿನ ಕೋಡೀನ್ ಔಷಧ, ಟ್ರಾಮಾಡಾಲ್ ಗುಳಿಗಿನೂ ಹಂಗ, ಡಾಕ್ಟರ್ ಚೀಟಿ ಇದ್ರೂ ಆ ದೇಶದ ಆರೋಗ್ಯ ಇಲಾಖೆ ಅನುಮತಿ ಮೊದಲ ಬೇಕು. ಅಪ್ಪನ ಮೊಳಕಾಲ ನೋವಿಗೆ ಅಂತ ತಂದ ಗುಳಿಗಿ ನಿಮ್ಮ ಬ್ಯಾಗಿನ್ಯಾಗ ಉಳದಿಲ್ಲ ಅಂತ ಹೊರಡೂ ಹಿಂದಿನ ರಾತ್ರಿ ಒಮ್ಮೆ ಕೈ ಹಾಕಿ ನೋಡ್ರಿ.